ಸೌತೆ ಬಳ್ಳಿ ಬಾಡಿದಾಗ ನಾನು ಮೊದಲು ನೋಡುವುದು

ಸೌತೆ ಬಳ್ಳಿ ಜೋತುಬಿದ್ದದ್ದು ಕಂಡ ಕೂಡಲೇ ನೀರು ಹಾಕಬೇಡಿ. ಮನೆಯಲ್ಲಿ ಸೌತೆ ಬೆಳೆಯಲು ಹೊರಟವರಿಗೆಲ್ಲ ನಾನು ಹೇಳುವ ಮೊದಲ ಮಾತು ಇದೇ. ನೀರಿಲ್ಲದೆ ಬಾಡಿದ ಬಳ್ಳಿಯೂ ಬೇರು ಕೊಳೆತು ಬಾಡಿದ ಬಳ್ಳಿಯೂ ಮೇಲ್ನೋಟಕ್ಕೆ ಒಂದೇ ರೀತಿ ಕಾಣುತ್ತವೆ. ಮೊದಲನೆಯದನ್ನು ಉಳಿಸುವ ನೀರೇ ಎರಡನೆಯದನ್ನು ಬೇಗ ಕೊಲ್ಲುತ್ತದೆ.

ನಾನು ಮೊದಲು ಗಮನಿಸುವುದು ಹೊತ್ತನ್ನು. ಸೌತೆಯ ಎಲೆ ಅಗಲ, ಬೇರು ಮಾತ್ರ ಮೇಲ್ಮಣ್ಣಿನಲ್ಲೇ ಹೆಚ್ಚು ಹರಡುವಂಥದ್ದು. ಹೀಗಾಗಿ ನಡು ಮಧ್ಯಾಹ್ನದ ಬಿಸಿಲಿನಲ್ಲಿ ಎಲೆ ಕಳೆದುಕೊಳ್ಳುವಷ್ಟು ನೀರನ್ನು ಬೇರು ಒದಗಿಸಲಾರದು. ಎಲೆಗಳು ಜೋಲುತ್ತವೆ, ಸಂಜೆಗೆ ತಾವೇ ಚೇತರಿಸಿಕೊಳ್ಳುತ್ತವೆ. ಇದು ರೋಗವಲ್ಲ. ಬೆಳಗಿನ ತಂಪಿನಲ್ಲೂ ಬಾಡಿಯೇ ಇದ್ದರೆ ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡುತ್ತೇನೆ. ಮಣ್ಣು ಒಣಗಿದ್ದರೆ ಕುಂಡದ ತಳದಿಂದ ನೀರು ಹೊರಬರುವವರೆಗೆ ಉಣಿಸುತ್ತೇನೆ. ಮಣ್ಣು ಒದ್ದೆಯಾಗಿದ್ದೂ ಬಳ್ಳಿ ಬಾಡಿದ್ದರೆ ತೊಂದರೆ ಬೇರಿನಲ್ಲಿದೆ, ಇಲ್ಲವೇ ಕಾಂಡದಲ್ಲಿದೆ.

ಉಳಿಯುವುದಿಲ್ಲ ಎಂದು ಖಚಿತವಾದ ಬಳ್ಳಿಯನ್ನು ನಾನು ಹಾಗೆಯೇ ಎಸೆಯುವುದಿಲ್ಲ. ಬೇರುಸಹಿತ ಎತ್ತಿ, ಮಣ್ಣು ತೊಳೆದು, ಬೆಳಕಿನಲ್ಲಿಟ್ಟು ನೋಡುತ್ತೇನೆ. ಆರೋಗ್ಯವಾದ ಬೇರು ಬೆಳ್ಳಗೆ, ಗಟ್ಟಿಯಾಗಿರುತ್ತದೆ. ಕೊಳೆತ ಬೇರು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಎರಡು ಬೆರಳಿನ ನಡುವೆ ಹಿಡಿದು ಮೆಲ್ಲನೆ ಎಳೆದರೆ ಮೇಲಿನ ಸಿಪ್ಪೆ ಜಾರಿ ಬಂದು ಒಳಗಿನ ಎಳೆಯೊಂದೇ ಉಳಿಯುತ್ತದೆ. ಇದನ್ನು ಕಂಡರೆ ನಾನು ಕುಂಡದ ತೂತುಗಳನ್ನು ಪರೀಕ್ಷಿಸುತ್ತೇನೆ, ಮುಂದಿನ ಸಲದ ಮಿಶ್ರಣಕ್ಕೆ ದಪ್ಪ ಮರಳನ್ನೋ ತೆಂಗಿನ ನಾರನ್ನೋ ಹೆಚ್ಚಿಸುತ್ತೇನೆ. ಬೇರಿನ ತುಂಬ ಮಣಿಯಂಥ ಗಂಟುಗಳಿದ್ದರೆ ಅದು ಬೇರುಗಂಟು ಜಂತುಹುಳುವಿನ ಕೆಲಸ. ಬೇರು ಚೆನ್ನಾಗಿಯೇ ಇದ್ದಂತೆ ಕಂಡರೆ ಬುಡದ ಕಾಂಡವನ್ನು ಚಾಕುವಿನಿಂದ ಉದ್ದಕ್ಕೆ ಸೀಳುತ್ತೇನೆ. ಒಳಗೆ ಕಂದು ಗೆರೆಗಳು ಮೇಲಕ್ಕೆ ಹೋಗಿದ್ದರೆ ಫ್ಯುಸೇರಿಯಂ ಶಿಲೀಂಧ್ರದ ಸೊರಗು ರೋಗ ಎಂದೇ ನನ್ನ ಲೆಕ್ಕ. ಈ ಶಿಲೀಂಧ್ರ ವರ್ಷಗಟ್ಟಲೆ ಮಣ್ಣಿನಲ್ಲಿ ಬದುಕಿರುತ್ತದೆ. ಅಂಥ ಮಣ್ಣಿಗೆ ಮತ್ತೆ ಸೌತೆ ಹಾಕುವುದು ವ್ಯರ್ಥ. ಅದನ್ನು ಬೇರೆ ಜಾತಿಯ ಗಿಡಗಳಿಗೆ ಬಿಟ್ಟು, ಸೌತೆಗೆ ಹೊಸ ಮಣ್ಣು ತುಂಬುತ್ತೇನೆ. ಗಂಟುಬೇರಿನ ಮಣ್ಣನ್ನು ಮಾತ್ರ ಒದ್ದೆ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿದು, ಬಿರುಬಿಸಿಲಿನ ಕಾಲದಲ್ಲಿ 4ರಿಂದ 6 ವಾರ ಕಾಯಲು ಬಿಡುತ್ತೇನೆ. ಹುಳುವಿನ ಸಂಖ್ಯೆ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

ಸಸಿ ಹಂತದ ಸಾವುಗಳು ಇನ್ನೂ ಸರಳ. ಮಣ್ಣಿನ ಮಟ್ಟದಲ್ಲಿ ಕಾಂಡ ಸಣಕಲಾಗಿ ಸಸಿ ಅಡ್ಡ ಬಿದ್ದರೆ ತೇವ ಅತಿಯಾಗಿದೆ, ಗಾಳಿ ಸಾಲದು. ಬೀಜದೆಲೆಗಳಲ್ಲಿ ತೂತು ಬಿದ್ದಿದ್ದರೆ ಕೆಂಪು ಜೀರುಂಡೆ ಬಂದಿದೆ. ಮೊದಲ ಎರಡು ವಾರ ತೆಳು ಬಲೆ ಬಟ್ಟೆ ಮುಚ್ಚಿದರೆ ಸಾಕು. ಬೀಜವನ್ನು ನಾನು ಬೆಳೆಯುವ ಜಾಗದಲ್ಲಿಯೇ 2 ಸೆಂಟಿಮೀಟರ್ ಆಳಕ್ಕೆ ಊರುತ್ತೇನೆ, ಏಕೆಂದರೆ ಬೇರು ಕದಲಿದರೆ ಸೌತೆ ಸಹಿಸುವುದಿಲ್ಲ. ಮಣ್ಣು 25ರಿಂದ 30 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದರೆ ವಾರದೊಳಗೆ ಮೊಳಕೆ ಬರುತ್ತದೆ. ತಣ್ಣನೆಯ ಒದ್ದೆ ಮಣ್ಣಿನಲ್ಲಿ ಬೀಜವೇ ಕೊಳೆಯುತ್ತದೆ. ಒಂದು ಬಳ್ಳಿಗೆ 15ರಿಂದ 20 ಲೀಟರ್ ಮಣ್ಣು ಹಿಡಿಯುವ ಕುಂಡ ಬೇಕೇ ಬೇಕು.

ಹೂವಿನ ವಿಷಯಕ್ಕೆ ಬಂದರೆ, ಜನ ಅನಗತ್ಯವಾಗಿ ಗಾಬರಿಪಡುವುದು ಇಲ್ಲಿಯೇ. ಮೊದಲು ಬರುವವು ಬಹುಪಾಲು ಗಂಡು ಹೂಗಳು. ಅವು ಉದುರಿದರೆ ನಷ್ಟವಿಲ್ಲ, ಅವು ಉದುರಬೇಕಾದವೇ. ಹೆಣ್ಣು ಹೂವಿನ ಹಿಂದೆ ಸಣ್ಣ ಹೀಚು ಆಗಲೇ ಮೂಡಿರುತ್ತದೆ. ಈ ಹೀಚು ಹಳದಿಯಾಗಿ ಸುಕ್ಕುಗಟ್ಟಿ ಉದುರುತ್ತಿದ್ದರೆ ಪರಾಗ ತಲುಪಿಲ್ಲ ಎಂಬುದೇ ನನ್ನ ಮೊದಲ ಗುಮಾನಿ. ಹೆಣ್ಣು ಹೂ ಪರಾಗಕ್ಕೆ ಸಿದ್ಧವಾಗಿರುವುದು ಅರಳಿದ ಒಂದು ದಿನ ಮಾತ್ರ. ಅದಕ್ಕಾಗಿ ಬೆಳಿಗ್ಗೆಯೇ ಗಂಡು ಹೂವೊಂದನ್ನು ಕಿತ್ತು, ಎಸಳು ಬಿಡಿಸಿ, ನಡುವಿನ ಪರಾಗವನ್ನು ಹೆಣ್ಣು ಹೂವಿನ ನಡುವೆ ಪರಾಗ ಹಿಡಿಯುವ ಮೂರೂ ಹಾಲೆಗಳಿಗೆ ತಾಗುವಂತೆ ಸವರುತ್ತೇನೆ. ಅರೆಬರೆ ತಾಗಿದರೆ ಕಾಯಿ ಒಂದು ತುದಿಯಲ್ಲಿ ಉಬ್ಬಿ ಇನ್ನೊಂದು ತುದಿಯಲ್ಲಿ ಸೊಟ್ಟಗಾಗುತ್ತದೆ. ಪರಾಗಸ್ಪರ್ಶವಿಲ್ಲದೆ ಕಾಯಿ ಬಿಡುವ ತಳಿಗಳೂ ಇವೆ. ಬೀಜದ ಪೊಟ್ಟಣದ ಮೇಲೆ ಹಾಗೆ ಬರೆದಿದ್ದರೆ ಈ ಕೆಲಸ ಬೇಕಿಲ್ಲ. ಬಳ್ಳಿ ಕಡುಹಸಿರಾಗಿ ಕೊಬ್ಬಿ ಹೂವೇ ಕಡಿಮೆಯಾಗಿದ್ದರೆ ಸಾರಜನಕ ಜಾಸ್ತಿಯಾಗಿದೆ, ಗೊಬ್ಬರ ನಿಲ್ಲಿಸುತ್ತೇನೆ.

ಎಲೆಯ ಎರಡು ರೋಗಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಕಲಿಯಲೇಬೇಕು. ಬೂದಿ ರೋಗದ ಬಿಳಿ ಪುಡಿ ಬೆರಳಿಗೆ ಹತ್ತುತ್ತದೆ; ಎಲೆ ಒದ್ದೆಯಾಗದಿದ್ದರೂ ಹಬ್ಬುತ್ತದೆ. ಬೂಜು ತುಪ್ಪಟ ರೋಗದಲ್ಲಿ ಎಲೆನರಗಳ ನಡುವೆ ಸಿಕ್ಕಿಕೊಂಡಂತೆ ಮೂಲೆಮೂಲೆಯಾದ ಹಳದಿ ಮಚ್ಚೆಗಳು ಮೂಡುತ್ತವೆ, ಬೆಳಿಗ್ಗೆ ಎಲೆಯ ಅಡಿಯಲ್ಲಿ ಬೂದು-ನೇರಳೆ ಬೂಜು ಕಾಣುತ್ತದೆ. ಇದಕ್ಕೆ ಎಲೆಯ ಮೇಲಿನ ತೇವವೇ ಆಧಾರ. ಆದ್ದರಿಂದ ನಾನು ಬುಡಕ್ಕೆ ಮಾತ್ರ, ಬೆಳಗಿನ ಹೊತ್ತು ನೀರು ಹಾಕುತ್ತೇನೆ, ಬಳ್ಳಿಯನ್ನು ನೆಲದಿಂದ ಎತ್ತಿ ಬಲೆಗೆ ಹಬ್ಬಿಸುತ್ತೇನೆ, ರೋಗ ತಗುಲಿದ ಕೆಳಗಿನ ಎಲೆಗಳನ್ನು ಕತ್ತರಿಸುತ್ತೇನೆ. ಗಂಧಕದ ಸಿಂಪಡಣೆ ಬೂದಿ ರೋಗಕ್ಕೆ ಸಲ್ಲುತ್ತದಾದರೂ ಬಿಸಿಲು ಹೆಚ್ಚಿದ್ದಾಗ ಸೌತೆ ಎಲೆಯನ್ನೇ ಸುಡುತ್ತದೆ. ಬೇವಿನ ಎಣ್ಣೆಯನ್ನು ಗಿಡಹೇನಿಗೆ ಬಳಸುತ್ತೇನೆ, ಅದೂ ಜೇನ್ನೊಣಗಳು ಮರಳಿದ ಮೇಲೆ, ಸಂಜೆ. ಎಲೆ ಮುದುಡಿ, ತಿಳಿಹಸಿರು ಕಡುಹಸಿರು ಬಣ್ಣ ತೇಪೆತೇಪೆಯಾಗಿದ್ದರೆ ನಂಜು ರೋಗ, ಅದಕ್ಕೆ ಮದ್ದಿಲ್ಲ. ಎಷ್ಟೇ ಬೇಸರವಾದರೂ ಆ ಬಳ್ಳಿಯನ್ನು ಅಂದೇ ಕೀಳುತ್ತೇನೆ, ಗಿಡಹೇನು ಅದನ್ನು ಪಕ್ಕದ ಬಳ್ಳಿಗೆ ದಾಟಿಸುವ ಮುನ್ನ.

ಕಾಯಿ ಕಹಿಯಾದರೆ ಬಹುತೇಕ ಬಿಸಿಲು ಮತ್ತು ನೀರಿನ ಏರುಪೇರೇ ಕಾರಣ. ಕಹಿ ಹೆಚ್ಚಾಗಿ ತೊಟ್ಟಿನ ಕಡೆ ಮತ್ತು ಸಿಪ್ಪೆಯ ಕೆಳಗೆ ಸೇರಿರುತ್ತದೆ. ಬುಡಕ್ಕೆ ಒಣ ಎಲೆಯ ಹೊದಿಕೆ ಹಾಕಿ ಮಣ್ಣಿನ ಹದ ಕಾಪಾಡಿದರೆ ಮುಂದಿನ ಕಾಯಿಗಳಲ್ಲಿ ಕಹಿ ತಗ್ಗುತ್ತದೆ.

ಬಳ್ಳಿ ಸಾಯುವುದನ್ನು ಪೂರ್ತಿ ತಪ್ಪಿಸಲಾಗದು. ಅದಕ್ಕೇ ಒಂದು ಬಳ್ಳಿಯಲ್ಲಿ ಮೊದಲ ಹೆಣ್ಣು ಹೂ ಕಂಡಾಗಲೇ ಮುಂದಿನ ಕುಂಡಕ್ಕೆ ಬೀಜ ಹಾಕುತ್ತೇನೆ. ಕಾಯಿಯನ್ನು ಎಳೆಯದಾಗಿರುವಾಗಲೇ, ದಿನ ಬಿಟ್ಟು ದಿನ ಕೊಯ್ಯುತ್ತೇನೆ. ಒಂದೇ ಕಾಯಿ ಹಣ್ಣಾಗಲು ಬಿಟ್ಟರೂ ಬಳ್ಳಿಯ ಶಕ್ತಿಯೆಲ್ಲ ಅದರ ಬೀಜಕ್ಕೆ ಹರಿದು ಹೊಸ ಹೀಚುಗಳು ನಿಂತುಹೋಗುತ್ತವೆ.