ಬಾಗಿಲಲ್ಲಿ ಎಂಜಿನ್‌ಎಕ್ಸ್, ಒಳಗೆ ಟಾಮ್‌ಕ್ಯಾಟ್: ನಡುವಿನ ಮಾತು ನಿಂತಾಗ

ಬೆಳಿಗ್ಗೆ ಹತ್ತೂಕಾಲಿಗೆ ಫೋನ್ ಬಂದರೆ ಅದು ಸಹಕಾರ ಸಂಘದ್ದೇ ಎಂದು ಪರದೆ ನೋಡದೆ ಹೇಳಬಲ್ಲೆ. ಹತ್ತಕ್ಕೆ ಶಾಖೆಗಳು ತೆರೆಯುತ್ತವೆ, ಎಲ್ಲರೂ ಒಟ್ಟಿಗೆ ಲಾಗಿನ್ ಆಗುತ್ತಾರೆ, ಸ್ವಲ್ಪ ಹೊತ್ತಿಗೆ ದಪ್ಪಕ್ಷರದಲ್ಲಿ ‘504 ಗೇಟ್‌ವೇ ಟೈಮ್‌ಔಟ್’ ಬರುತ್ತದೆ. ನಾನು ಫೋನ್ ಕೆಳಗಿಡುವಷ್ಟರಲ್ಲಿ ನಮ್ಮ ಹುಬ್ಬಳ್ಳಿ ಕಚೇರಿಗೆ ಹೊಸದಾಗಿ ಸೇರಿದ ಹುಡುಗ ಎರಡೂ ಸರ್ವರ್‌ಗಳನ್ನು ರೀಸ್ಟಾರ್ಟ್ ಮಾಡಿ ಮುಗಿಸಿರುತ್ತಾನೆ.

“ಮೇಡಂ, ಸರಿಹೋಯಿತು.”

“ಏನಾಗಿತ್ತು?”

“ಗೊತ್ತಿಲ್ಲ ಮೇಡಂ.”

ಮರುದಿನ ಹತ್ತೂಕಾಲಿಗೆ ಮತ್ತೆ ಫೋನ್.

ಅವನಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಏರ್ಪಾಡು ಸರಳವಾದದ್ದು: ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ 443ನೇ ಪೋರ್ಟ್‌ನಲ್ಲಿ (ಪೋರ್ಟ್ ಎಂದರೆ ಯಂತ್ರದ ಸಂಖ್ಯೆಯಿಟ್ಟ ಬಾಗಿಲು) ಬ್ರೌಸರುಗಳ ಜೊತೆ ಮಾತನಾಡುತ್ತದೆ, ಬಂದ ರಿಕ್ವೆಸ್ಟನ್ನು ಅದೇ ಯಂತ್ರದ 8080ನೇ ಪೋರ್ಟ್‌ನಲ್ಲಿರುವ, ಜಾವಾ ಪ್ರೋಗ್ರಾಂಗಳನ್ನು ಓಡಿಸುವ ಟಾಮ್‌ಕ್ಯಾಟ್‌ಗೆ ದಾಟಿಸುತ್ತದೆ. ಕೆಟ್ಟದ್ದು ಈ ದಾಟುವಿಕೆಯಲ್ಲೋ, ಅದರ ಆಚೆಗೋ ಎಂದು ತಿಳಿಯುವುದು ಮೊದಲ ಕೆಲಸ. ರೀಸ್ಟಾರ್ಟ್ ಮಾಡಿದರೆ ಅದನ್ನು ತಿಳಿಯುವ ಸಾಕ್ಷಿಯೆಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ಐದು ನಿಮಿಷ ಕೈಕಟ್ಟಿ ನೋಡಿ. ಗ್ರಾಹಕರು ಬೈದರೆ ನನ್ನ ಹೆಸರು ಹೇಳಿ. (ಆದೇಶಗಳನ್ನು ಉಚ್ಚರಿಸುವ ಹಾಗೆ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಿರಿ.)

ದೂರು ಯಾರದ್ದು?

ದೋಷದ ಪುಟವನ್ನು ಕೆಳಗಿನ ಸಾಲಿನವರೆಗೂ ಓದಿ. ಬಿಳಿ ಪುಟ, ನಡುವೆ ಒಂದು ಗೆರೆ, ಅದರ ಕೆಳಗೆ ಎಂಜಿನ್‌ಎಕ್ಸ್ ಹೆಸರು ಇದ್ದರೆ ಮುಂದಿನವನು ಬದುಕಿದ್ದಾನೆ, ಹಿಂದಿನವನ ಬಗ್ಗೆ ದೂರುತ್ತಿದ್ದಾನೆ. ನೀಲಿ ಪಟ್ಟಿಯ ಮೇಲೆ ‘404’ ಎಂದಿದ್ದು, ಕೊನೆಯಲ್ಲಿ ಅಪಾಚೆ ಟಾಮ್‌ಕ್ಯಾಟ್ ಎಂದು ಆವೃತ್ತಿಯ ಸಂಖ್ಯೆ ಸಮೇತ ಬಂದಿದ್ದರೆ ಸಂಪರ್ಕದಲ್ಲಿ ಏನೂ ಕೆಟ್ಟಿಲ್ಲ. ರಿಕ್ವೆಸ್ಟ್ ಒಳಗೆ ಹೋಗಿದೆ, ವಿಳಾಸ ಮಾತ್ರ ತಪ್ಪಿದೆ. ಹೀಗಾದಾಗ ರಿಕ್ವೆಸ್ಟನ್ನು ಎಲ್ಲಿಗೆ ದಾಟಿಸಬೇಕೆಂದು ಎಂಜಿನ್‌ಎಕ್ಸ್‌ಗೆ ಹೇಳುವ ಪ್ರಾಕ್ಸಿ_ಪಾಸ್ ಸಾಲಿನ ಕೊನೆಯ ಓರೆಗೆರೆಯನ್ನು ನೋಡಿ. 8080ರ ನಂತರ ಓರೆಗೆರೆ ಇದ್ದರೆ ಎಂಜಿನ್‌ಎಕ್ಸ್ ಲೊಕೇಶನ್ ಸಾಲಿಗೆ ಹೊಂದಿದ ವಿಳಾಸದ ಭಾಗವನ್ನು ಕತ್ತರಿಸಿ ಆ ಜಾಗಕ್ಕೆ ಓರೆಗೆರೆ ಹಾಕುತ್ತದೆ. ಇಲ್ಲದಿದ್ದರೆ ವಿಳಾಸವನ್ನು ಬಂದ ಹಾಗೆಯೇ ಕಳಿಸುತ್ತದೆ. ಆ ಒಂದು ಗೆರೆಗಾಗಿ ನಾನು ಒಂದು ಭಾನುವಾರ ಕಳೆದುಕೊಂಡಿದ್ದೇನೆ.

ಸ್ಥೂಲವಾಗಿ, 502 ಎಂದರೆ ಹಿಂದಿನವನು ಬಾಗಿಲು ತೆರೆಯಲಿಲ್ಲ ಅಥವಾ ಮಾತಿನ ನಡುವೆ ಎದ್ದುಹೋದ. 504 ಎಂದರೆ ಕಾದು ಕಾದು ಮುಂದಿನವನಿಗೆ ಸಾಕಾಯಿತು. ಇದಕ್ಕಿಂತ ಹೆಚ್ಚಿನದನ್ನು ಪುಟ ಹೇಳುವುದಿಲ್ಲ, ಲಾಗ್ ಹೇಳುತ್ತದೆ.

ಲಾಗ್‌ನ ಸಂಖ್ಯೆ ಮತ್ತು ಅದರ ಬಾಲ

ಎಂಜಿನ್‌ಎಕ್ಸ್‌ನ ಎರರ್ ಲಾಗ್ ಸಾಮಾನ್ಯವಾಗಿ ವಾರ್, ಲಾಗ್, ಎಂಜಿನ್‌ಎಕ್ಸ್ ಕಡತಕೋಶದಲ್ಲಿ ಇರುತ್ತದೆ. ಅಲ್ಲಿನ ಸಾಲಿನಲ್ಲಿ ಎರಡು ಸಂಗತಿ ಮುಖ್ಯ: ಆವರಣದೊಳಗಿನ ಸಂಖ್ಯೆ, ಮತ್ತು ‘ವೈಲ್’ ಎಂದು ಶುರುವಾಗುವ ಬಾಲ. ಸಂಖ್ಯೆ ಎಂಜಿನ್‌ಎಕ್ಸ್‌ನದ್ದಲ್ಲ, ಲಿನಕ್ಸ್ ಕರ್ನಲ್ ಕೊಟ್ಟದ್ದು. ಹಾಗಾಗಿ ಮುಂದೆ ಎಂಜಿನ್‌ಎಕ್ಸ್ ಬದಲು ಅಪಾಚೆ ಎಂಬ ವೆಬ್ ಸರ್ವರ್ ಇದ್ದರೂ ಬಹುಮಟ್ಟಿಗೆ ಇವೇ ಸಂಖ್ಯೆಗಳು ಬರುತ್ತವೆ, ಒಮ್ಮೆ ಕಲಿತರೆ ಸಾಕು.

111 ಬಂದರೆ ಆ ಪೋರ್ಟ್‌ನಲ್ಲಿ ಯಾರೂ ಇಲ್ಲ. ಯಾವ ಪೋರ್ಟ್‌ನಲ್ಲಿ ಯಾರು ಕಾಯುತ್ತಿದ್ದಾರೆಂದು ತೋರಿಸುವ ‘ಎಸ್‌ಎಸ್ -ಎಲ್‌ಟಿಎನ್‌ಪಿ’ ಕೊಟ್ಟು 8080ರ ಸಾಲನ್ನು ಹುಡುಕಿ. ಸಾಲೇ ಇಲ್ಲದಿದ್ದರೆ ಟಾಮ್‌ಕ್ಯಾಟ್ ಎದ್ದಿಲ್ಲ. ಕಾರಣ ಟಾಮ್‌ಕ್ಯಾಟ್‌ನದೇ ಆದ ಕ್ಯಾಟಲೀನಾ ಲಾಗ್‌ನಲ್ಲಿರುತ್ತದೆ. ಸಾಲು ಇದೆ, ಆದರೆ ಬೇರೆ ವಿಳಾಸಕ್ಕೆ ಕಟ್ಟಿಕೊಂಡಿದೆಯೋ ನೋಡಿ. ಲೋಕಲ್‌ಹೋಸ್ಟ್ (ಅಂದರೆ ಇದೇ ಯಂತ್ರ) ಎಂದು ಬರೆದರೆ ಅದು 127.0.0.1 ಆಗಬಹುದು, ಐಪಿವಿ6 ಎಂಬ ಹೊಸ ಬಗೆಯ ವಿಳಾಸವಾದ ::1 ಕೂಡ ಆಗಬಹುದು. ಟಾಮ್‌ಕ್ಯಾಟ್ ಒಂದರಲ್ಲಿ ಕುಳಿತಿದ್ದು ಎಂಜಿನ್‌ಎಕ್ಸ್ ಇನ್ನೊಂದರ ಕದ ತಟ್ಟಿದರೆ 111 ಖಚಿತ. ಅದಕ್ಕೇ ನಾನು ಲೋಕಲ್‌ಹೋಸ್ಟ್ ಎಂದು ಬರೆಯುವುದನ್ನೇ ಬಿಟ್ಟಿದ್ದೇನೆ, ಅಂಕಿಗಳನ್ನೇ ಹಾಕುತ್ತೇನೆ. ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಬೇರೆ ಬೇರೆ ಡಬ್ಬಿಗಳಲ್ಲಿ ಓಡಿಸುವ ಡಾಕರ್ ಬಳಸುವವರಿಗೆ ಇನ್ನೊಂದು ಮಾತು: ಕಂಟೇನರ್ ಒಳಗಿನ 127.0.0.1 ಎಂದರೆ ಆ ಕಂಟೇನರ್ ಮಾತ್ರ, ಪಕ್ಕದ್ದಲ್ಲ.

113 ಬಂದರೆ ದಾರಿಯಿಲ್ಲ ಎಂದರ್ಥ. ಎರಡು ಸರ್ವರ್‌ಗಳು ಬೇರೆ ಬೇರೆ ಯಂತ್ರದಲ್ಲಿದ್ದಾಗ ಇದನ್ನು ಕಂಡರೆ ಮೊದಲು ಆಚೆಯ ಯಂತ್ರದ ಫೈರ್‌ವಾಲ್ ನೋಡಿ.

13 ಬಂದರೆ ಅನುಮತಿ ಇಲ್ಲ. ಇದು ತಲೆತಿನ್ನುವ ಪ್ರಕರಣ. ರೆಡ್‌ಹ್ಯಾಟ್ ಬಳಗದ ಲಿನಕ್ಸ್‌ನಲ್ಲಿ ನೀವೇ ಕರ್ಲ್ (ಟರ್ಮಿನಲ್‌ನಿಂದ ರಿಕ್ವೆಸ್ಟ್ ಕಳಿಸುವ ಆದೇಶ) ಮಾಡಿದರೆ 8080 ಚೆನ್ನಾಗಿ ಉತ್ತರ ಕೊಡುತ್ತದೆ, ಎಂಜಿನ್‌ಎಕ್ಸ್ ಕೇಳಿದರೆ ಮಾತ್ರ 13. ನೀವು ಕರ್ಲ್ ಮಾಡುವಾಗ ಎಸ್‌ಇಲಿನಕ್ಸ್ ಎಂಬ ಭದ್ರತಾ ಕಾವಲಿನ ಕಟ್ಟುಪಾಡು ನಿಮಗಿಲ್ಲ, ವೆಬ್ ಸರ್ವರ್‌ಗೆ ಇದೆ. ‘ಸೆಟ್‌ಎಸ್‌ಇಬೂಲ್ -ಪಿ’ ಬರೆದು ‘ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್’ಗೆ 1 ಕೊಡಿ. ಆ ‘ಪಿ’ ದೊಡ್ಡಕ್ಷರದ್ದು. ಬಿಟ್ಟರೆ ಯಂತ್ರ ಮುಂದಿನ ಬಾರಿ ಬೂಟ್ ಆದಾಗ ಮತ್ತೆ ಮೊದಲಿನಂತೆಯೇ. ಎಸ್‌ಇಲಿನಕ್ಸ್ ಅನ್ನೇ ಆರಿಸಿಬಿಡಿ ಎಂದು ಸಲಹೆ ಕೊಡುವವರ ಮಾತು ಕೇಳಬೇಡಿ.

110ಕ್ಕೆ ಬಾಲ ನೋಡಲೇಬೇಕು. ‘ವೈಲ್ ಕನೆಕ್ಟಿಂಗ್’ ಎಂದಿದ್ದರೆ ಕೈಕುಲುಕುವುದೇ ಆಗಿಲ್ಲ. ನಡುವೆ ಯಾರೋ ಸದ್ದಿಲ್ಲದೆ ಪ್ಯಾಕೆಟ್‌ಗಳನ್ನು ಬಿಸಾಡುತ್ತಿದ್ದಾರೆ. ‘ವೈಲ್ ರೀಡಿಂಗ್ ರೆಸ್ಪಾನ್ಸ್ ಹೆಡರ್’ ಎಂದಿದ್ದರೆ ಸಂಪರ್ಕ ಸರಿಯಾಗಿದೆ, ರಿಕ್ವೆಸ್ಟ್ ತಲುಪಿದೆ, ಉತ್ತರ ಮಾತ್ರ 60 ಸೆಕೆಂಡು ಕಳೆದರೂ ಬಂದಿಲ್ಲ. ಸಂಖ್ಯೆ ಒಂದೇ, ಕಾಯಿಲೆ ಎರಡು. ಮೊದಲನೆಯದಕ್ಕೆ ನೆಟ್‌ವರ್ಕ್‌ನವರನ್ನು ಕರೆಯಬೇಕು, ಎರಡನೆಯದಕ್ಕೆ ಪ್ರೋಗ್ರಾಂ ಬರೆದವರನ್ನು. ತಪ್ಪಾದವರನ್ನು ಕರೆದರೆ ಮಧ್ಯಾಹ್ನದವರೆಗೆ ಜಗಳ.

ನೀವೇ ಹೋಗಿ ಕದ ತಟ್ಟಿ

ಎಂಜಿನ್‌ಎಕ್ಸ್ ಇರುವ ಯಂತ್ರಕ್ಕೇ ಲಾಗಿನ್ ಆಗಿ, ಅಲ್ಲಿಂದ ‘ಕರ್ಲ್ -ವಿ’ ಕೊಟ್ಟು 127.0.0.1ರ 8080ಕ್ಕೆ ರಿಕ್ವೆಸ್ಟ್ ಕಳಿಸಿ. ನಿಮ್ಮ ಮೇಜಿನ ಲ್ಯಾಪ್‌ಟಾಪ್‌ನಿಂದ ಪರೀಕ್ಷಿಸಿದರೆ ಏನೂ ಸಾಬೀತಾಗುವುದಿಲ್ಲ. ‘ಕನೆಕ್ಟೆಡ್’ ಎಂಬ ಸಾಲು ತಕ್ಷಣ ಬಂದು, ಆಮೇಲೆ ಕರ್ಸರ್ ಮಿಟುಕುತ್ತಾ ಕುಳಿತರೆ ದಾರಿ ಚೊಕ್ಕವಾಗಿದೆ, ಮನೆಯೊಳಗೆ ಗಲಾಟೆ.

ಇದರಲ್ಲಿ ಒಂದು ಮೋಸವಿದೆ. ಟಾಮ್‌ಕ್ಯಾಟ್ ಈಗಷ್ಟೇ ಏಳುತ್ತಿದ್ದರೂ ಹೀಗೆಯೇ ಕಾಣುತ್ತದೆ. ಅದು ಪೋರ್ಟನ್ನು ಮೊದಲೇ ಹಿಡಿದುಕೊಂಡು, ಅಪ್ಲಿಕೇಶನ್‌ಗಳನ್ನು ಏರಿಸಿ ಮುಗಿದ ಮೇಲಷ್ಟೇ ರಿಕ್ವೆಸ್ಟ್‌ಗಳನ್ನು ಎತ್ತಿಕೊಳ್ಳುತ್ತದೆ. ಅಲ್ಲಿಯವರೆಗೆ ಕರ್ನಲ್ಲೇ ಬಂದವರನ್ನು ಜಗಲಿಯಲ್ಲಿ ಕೂರಿಸಿಕೊಳ್ಳುತ್ತದೆ. ಜಗಲಿಯ ಅಳತೆ, ನೀವು ಬದಲಾಯಿಸದಿದ್ದರೆ, 100. ಎಸ್‌ಎಸ್ ತೋರಿಸುವ ಸಾಲಿನಲ್ಲಿ ರಿಸೀವ್ ಕ್ಯೂ ಅಂಕಿ ಏರುತ್ತಾ ಹೋಗುವುದು ಕಾಣುತ್ತದೆ. ಹುಡುಗ ಇದನ್ನು ನೋಡಿ “ಇನ್ನೂ ಸಿಕ್ಕಿಹಾಕಿಕೊಂಡಿದೆ” ಎಂದು ಎರಡನೇ ಸಲ ರೀಸ್ಟಾರ್ಟ್ ಒತ್ತಿದ್ದ. ಕ್ಯಾಟಲೀನಾ ಲಾಗ್‌ನಲ್ಲಿ ‘ಸರ್ವರ್ ಸ್ಟಾರ್ಟಪ್ ಇನ್’ ಎಂದು ಮಿಲಿಸೆಕೆಂಡುಗಳ ಲೆಕ್ಕ ಬರುವವರೆಗೆ ಕೀಲಿಮಣೆಯಿಂದ ಕೈ ತೆಗೆಯಿರಿ.

ಹತ್ತೂಕಾಲಿನ ರಹಸ್ಯ

ಸಂಘದ ಲಾಗ್‌ನಲ್ಲಿ ಇದ್ದದ್ದು 110, ಬಾಲದಲ್ಲಿ ‘ರೀಡಿಂಗ್ ರೆಸ್ಪಾನ್ಸ್ ಹೆಡರ್’. ಮೂರನೇ ದಿನ ಹುಡುಗನ ಪಕ್ಕದಲ್ಲೇ ಕುಳಿತೆ. ಫೋನ್ ಬಂತು. ರೀಸ್ಟಾರ್ಟ್ ಬದಲು, ಪ್ರತಿ ಥ್ರೆಡ್ (ಒಂದೊಂದು ರಿಕ್ವೆಸ್ಟ್ ನೋಡಿಕೊಳ್ಳುವ ಕೆಲಸಗಾರ) ಆ ಕ್ಷಣ ಏನು ಮಾಡುತ್ತಿದೆ ಎಂದು ತೋರಿಸುವ ಜೆಸ್ಟ್ಯಾಕ್ ತೆಗೆಸಿದೆ, ಹತ್ತು ಹತ್ತು ಸೆಕೆಂಡು ಬಿಟ್ಟು ಮೂರು ಬಾರಿ. ಟಾಮ್‌ಕ್ಯಾಟ್ ಯಾವ ಬಳಕೆದಾರನ ಹೆಸರಿನಲ್ಲಿ ಓಡುತ್ತಿದೆಯೋ ಅದೇ ಹೆಸರಿನಲ್ಲಿ ತೆಗೆಯಬೇಕು. ಜೆಸ್ಟ್ಯಾಕ್ ಇಲ್ಲದಿದ್ದರೆ ‘ಕಿಲ್ -3’ ಕೊಡಿ. ಹೆಸರು ಹೆದರಿಸುತ್ತದೆ, ಆದರೆ ಯಾವುದನ್ನೂ ಕೊಲ್ಲುವುದಿಲ್ಲ. ಥ್ರೆಡ್‌ಗಳ ಸ್ಥಿತಿಯನ್ನು ಕ್ಯಾಟಲೀನಾ ಔಟ್ ಕಡತಕ್ಕೆ ಬರೆಯುತ್ತದೆ, ಅಷ್ಟೇ.

ಮೂರರಲ್ಲೂ ಒಂದೇ ಚಿತ್ರ. ಟಾಮ್‌ಕ್ಯಾಟ್‌ನ 200 ಥ್ರೆಡ್‌ಗಳಲ್ಲಿ 190 ಹಿಕಾರಿ ಪೂಲ್‌ನ (ತೆರೆದಿಟ್ಟ ಸಂಪರ್ಕಗಳನ್ನು ಹಂಚುವ ಕೌಂಟರ್) ಮುಂದೆ ಡೇಟಾಬೇಸ್ ಸಂಪರ್ಕಕ್ಕಾಗಿ ಸಾಲುಗಟ್ಟಿ ನಿಂತಿವೆ. ಪೂಲ್‌ನಲ್ಲಿರುವುದು ಹತ್ತೇ ಸಂಪರ್ಕ. ಆ ಹತ್ತನ್ನೂ ಹಿಡಿದುಕೊಂಡ ಥ್ರೆಡ್‌ಗಳು ಮಾಡುತ್ತಿದ್ದದ್ದು ಒಂದೇ ಕೆಲಸ: ಪಿಗ್ಮಿ ಏಜೆಂಟರ ಬಾಕಿ ವರದಿ. ಶಾಖಾ ವ್ಯವಸ್ಥಾಪಕರು ಬಂದೊಡನೆ ಮೊದಲು ತೆಗೆಯುವುದು ಅದನ್ನೇ. ದಿನಾಂಕದ ಕಾಲಂಗೆ ಇಂಡೆಕ್ಸ್ ಇರಲಿಲ್ಲ, ವರ್ಷಗಳ ಜಮೆಯನ್ನೆಲ್ಲ ಪ್ರತಿ ಸಲವೂ ಮೊದಲಿನಿಂದ ಜಾಲಾಡುತ್ತಿತ್ತು. ತಡವಾದರೆ ಅವರು ಎಫ್5 ಒತ್ತುತ್ತಾರೆ. ಅಕ್ಸೆಸ್ ಲಾಗ್‌ನಲ್ಲಿ 499 ಎಂದು ಸಾಲುಸಾಲಾಗಿ ಬಿದ್ದಿದ್ದವು. ಕೇಳಿದವನೇ ಎದ್ದುಹೋದ ಎಂದು ಎಂಜಿನ್‌ಎಕ್ಸ್ ಬರೆದುಕೊಳ್ಳುವ ಗುರುತು ಅದು. ಕೇಳಿದವನು ಹೋದರೂ ಟಾಮ್‌ಕ್ಯಾಟ್ ಹಳೆಯ ವರದಿಯನ್ನು ಬಿಡುವುದಿಲ್ಲ, ಹೊಸದನ್ನೂ ಶುರುಮಾಡುತ್ತದೆ. ಹತ್ತು ಸಂಪರ್ಕ ಮುಗಿಯಲು ಇಬ್ಬರು ಅಸಹನೆಯ ವ್ಯವಸ್ಥಾಪಕರು ಸಾಕು.

ಹಿಕಾರಿ ಸುಮ್ಮನೆ ಬಿಟ್ಟರೆ 30 ಸೆಕೆಂಡು ಕಾದು ಕೈಚೆಲ್ಲುತ್ತದೆ, ಆಗ ಕಾರಣವಾದರೂ ಲಾಗ್‌ಗೆ ಬೀಳುತ್ತದೆ. ಇಲ್ಲಿ ಯಾರೋ ಪುಣ್ಯಾತ್ಮರು 500 ಬರಬಾರದೆಂದು ಅದನ್ನು ಎರಡು ನಿಮಿಷಕ್ಕೆ ಏರಿಸಿದ್ದರು. ಎಂಜಿನ್‌ಎಕ್ಸ್ ಒಂದು ನಿಮಿಷಕ್ಕೇ ಬೇಸತ್ತು 504 ಕೊಡುತ್ತಿತ್ತು, ನಿಜವಾದ ದೂರು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಎಂಜಿನ್‌ಎಕ್ಸ್ ಉತ್ತರಕ್ಕೆ ಕಾಯುವ ಪ್ರಾಕ್ಸಿ_ರೀಡ್_ಟೈಮ್‌ಔಟ್ ಅನ್ನು 300 ಸೆಕೆಂಡಿಗೆ ಏರಿಸೋಣ ಎಂದ ಹುಡುಗ. ಏರಿಸಿದರೆ ಸಾಲು ಉದ್ದವಾಗುತ್ತದೆ, ಕೌಂಟರ್ ಹೆಚ್ಚುವುದಿಲ್ಲ. ನಾವು ಇಂಡೆಕ್ಸ್ ಹಾಕಿಸಿದೆವು, ವರದಿಗಳಿಗೆ ಮೂರು ಸಂಪರ್ಕಗಳ ಬೇರೆ ಪೂಲ್ ಕೊಟ್ಟೆವು, ಹಿಕಾರಿ ಕಾಯುವ ಅವಧಿಯನ್ನು 5 ಸೆಕೆಂಡಿಗೆ ಇಳಿಸಿದೆವು.

ಆಗೊಮ್ಮೆ ಈಗೊಮ್ಮೆ ಬರುವ 502

ದಿನಕ್ಕೆ ಮೂರೋ ನಾಲ್ಕೋ, ಅದೂ ಹಣ ಜಮಾ ಮಾಡುವಾಗಲೇ. ಲಾಗ್‌ನಲ್ಲಿ 104 (ಆಚೆಯವನು ಸಂಪರ್ಕ ಕಡಿದ), ಇಲ್ಲವೇ ‘ಪ್ರಿಮೆಚ್ಯೂರ್ಲಿ ಕ್ಲೋಸ್ಡ್’. ಇದು ಬಹಳ ಸಲ ಕೀಪ್‌ಅಲೈವ್ ತಕರಾರು. ಎಂಜಿನ್‌ಎಕ್ಸ್ ಹಿಂದಿನ ಸಂಪರ್ಕಗಳನ್ನು ಮುಚ್ಚದೆ ಇಟ್ಟುಕೊಳ್ಳುವಂತೆ ನೀವು ಹೇಳಿದ್ದರೆ, ಖಾಲಿ ಕುಳಿತ ಸಂಪರ್ಕವನ್ನು ಅದು 60 ಸೆಕೆಂಡು ಉಳಿಸಿಕೊಳ್ಳುತ್ತದೆ. ಟಾಮ್‌ಕ್ಯಾಟ್‌ನ ಸರ್ವರ್ ಎಕ್ಸ್‌ಎಂಎಲ್‌ನಲ್ಲಿ ಬರುವ ಕನೆಕ್ಷನ್‌ಟೈಮ್‌ಔಟ್ 20000 ಮಿಲಿಸೆಕೆಂಡು. ಕೀಪ್‌ಅಲೈವ್‌ಗೆ ಬೇರೆ ಹೇಳದಿದ್ದರೆ ಅದೇ 20 ಸೆಕೆಂಡು ಅನ್ವಯಿಸುತ್ತದೆ. ಟಾಮ್‌ಕ್ಯಾಟ್ ಮುಚ್ಚುವ ಕ್ಷಣದಲ್ಲೇ ಎಂಜಿನ್‌ಎಕ್ಸ್ ಹೊಸ ರಿಕ್ವೆಸ್ಟ್ ತುರುಕಿದರೆ ಅದು ಗೋಡೆಗೆ ಬಡಿಯುತ್ತದೆ. ಪುಟ ತೋರಿಸುವ ಗೆಟ್ ರಿಕ್ವೆಸ್ಟ್ ಆದರೆ ಎಂಜಿನ್‌ಎಕ್ಸ್ ತಾನೇ ಮತ್ತೊಮ್ಮೆ ಕಳಿಸುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಜಮೆಯಂಥ ಮಾಹಿತಿಯನ್ನು ಒಳಗೆ ಕಳಿಸುವ ಪೋಸ್ಟ್ ಅನ್ನು ಹಾಗೆ ಎರಡನೇ ಸಲ ಕಳಿಸುವುದಿಲ್ಲ, ಕಳಿಸಲೂಬಾರದು. ಒಂದೇ ಜಮೆ ಎರಡು ಸಲ ಬಿದ್ದರೆ ಯಾರು ಉತ್ತರ ಕೊಡಬೇಕು? ಟಾಮ್‌ಕ್ಯಾಟ್‌ನ ಕೀಪ್‌ಅಲೈವ್‌ಟೈಮ್‌ಔಟ್ ಅನ್ನು 75000 ಮಾಡಿ. ಹಿಂದಿನವನು ಮುಂದಿನವನಿಗಿಂತ ಹೆಚ್ಚು ಹೊತ್ತು ಕಾಯಬೇಕು.

ಮುಂದೆ ಅಪಾಚೆ ಇದ್ದರೆ

ಒಂದು ಕಾಲೇಜಿನಲ್ಲಿ ಅಪಾಚೆ ಮತ್ತು ಟಾಮ್‌ಕ್ಯಾಟ್ ನಡುವೆ ಎಚ್‌ಟಿಟಿಪಿ ಬದಲು ಎಜೆಪಿ ಎಂಬ ಬೇರೆ ಮಾತಿನ ರೀತಿ ಇತ್ತು, 8009ನೇ ಪೋರ್ಟ್. ಟಾಮ್‌ಕ್ಯಾಟ್ ಅನ್ನು ಮೇಲ್ದರ್ಜೆಗೇರಿಸಿದ ರಾತ್ರಿಯೇ ಎಲ್ಲ ನಿಂತುಹೋಯಿತು. 2020ರಲ್ಲಿ ಘೋಸ್ಟ್‌ಕ್ಯಾಟ್ ಎಂಬ ಭದ್ರತಾ ದೋಷ ಬಯಲಾದ ಮೇಲೆ, ಟಾಮ್‌ಕ್ಯಾಟ್ 9.0.31ರಿಂದ ಎಜೆಪಿ ಕನೆಕ್ಟರ್ ಮುಚ್ಚಿದ ಸ್ಥಿತಿಯಲ್ಲೇ ಬರುತ್ತದೆ. ತೆರೆದರೂ ತನ್ನದೇ ಯಂತ್ರಕ್ಕೆ ಮಾತ್ರ ಕಿವಿಗೊಡುತ್ತದೆ, ಮೇಲಾಗಿ ಸೀಕ್ರೆಟ್ ಎಂಬ ಗುಟ್ಟಿನ ಪದ ಕೇಳುತ್ತದೆ. ಎರಡೂ ಕಡೆ ಅದೇ ಪದ ಇರಬೇಕು, ಇಲ್ಲದಿದ್ದರೆ 403. ಹೊಸದಾಗಿ ಕಟ್ಟುವವರು ಎಜೆಪಿಯ ಗೊಡವೆಗೇ ಹೋಗಬೇಡಿ, ಎಚ್‌ಟಿಟಿಪಿ ಸಾಕು.

ಇನ್ನೊಂದು: ಹಿಂದಿನವನು ಸಿಗದಿದ್ದರೆ ಅಪಾಚೆ 502ರ ಬದಲು 503 ಕೊಡುತ್ತದೆ, ಮತ್ತು 60 ಸೆಕೆಂಡು ಅತ್ತ ಮುಖವನ್ನೇ ಹಾಕುವುದಿಲ್ಲ. ಟಾಮ್‌ಕ್ಯಾಟ್ ಎದ್ದು ಕುಳಿತಿದ್ದರೂ 503 ಬರುತ್ತಿದ್ದರೆ ಗಡಿಯಾರ ನೋಡಿ.

ಇಂದೇ ಸೇರಿಸಬೇಕಾದ ಸಾಲು

ಎಂಜಿನ್‌ಎಕ್ಸ್‌ನ ಲಾಗ್_ಫಾರ್ಮ್ಯಾಟ್‌ನಲ್ಲಿ ಅಪ್‌ಸ್ಟ್ರೀಮ್_ಸ್ಟೇಟಸ್, ಅಪ್‌ಸ್ಟ್ರೀಮ್_ಕನೆಕ್ಟ್_ಟೈಮ್, ಅಪ್‌ಸ್ಟ್ರೀಮ್_ರೆಸ್ಪಾನ್ಸ್_ಟೈಮ್, ರಿಕ್ವೆಸ್ಟ್_ಟೈಮ್ ಎಂಬ ನಾಲ್ಕನ್ನು ಸೇರಿಸಿ, ಪ್ರತಿಯೊಂದರ ಮುಂದೆ ಡಾಲರ್ ಚಿಹ್ನೆ ಹಾಕಿ. ಅಪ್‌ಸ್ಟ್ರೀಮ್ (ಅಂದರೆ ಹಿಂದಿನವನ) ಜಾಗದಲ್ಲಿ ಬರೀ ಅಡ್ಡಗೆರೆ ಬಂದರೆ ರಿಕ್ವೆಸ್ಟ್ ಹಿಂದಕ್ಕೆ ಹೋಗಲೇ ಇಲ್ಲ. ಕನೆಕ್ಟ್ ಸಮಯ ಸೊನ್ನೆಯ ಆಸುಪಾಸಿನಲ್ಲಿದ್ದು ರೆಸ್ಪಾನ್ಸ್ ಸಮಯ 58 ಆಗಿದ್ದರೆ ಮತ್ತೊಬ್ಬ ವ್ಯವಸ್ಥಾಪಕರು ವರದಿ ತೆಗೆಯುತ್ತಿದ್ದಾರೆ. ಬರೆದಾದ ಮೇಲೆ ‘ಎಂಜಿನ್‌ಎಕ್ಸ್ -ಟಿ’ ಎಂದು ಪರೀಕ್ಷಿಸಿ, ಆಮೇಲೆ ರೀಲೋಡ್ ಕೊಡಿ. ರೀಸ್ಟಾರ್ಟ್ ಅಲ್ಲ, ರೀಲೋಡ್.