ಕ್ಲಾಟ್ ತೆಗೆದ ಮೇಲೆ ಮೂರನೇ ದಿನದ ಟಿಸಿ-ಡಿಸಿ: ನನ್ನ ಅನುಭವ

ಲಕ್ವ ಹೊಡೆದು ಥ್ರಾಂಬೆಕ್ಟಮಿ (ಮೆದುಳಿನ ರಕ್ತನಾಳದಿಂದ ಕ್ಲಾಟ್, ಅಂದರೆ ಹೆಪ್ಪುಗಟ್ಟಿದ ರಕ್ತ, ತೆಗೆಯೋದು) ಮಾಡಿಸಿಕೊಂಡು ಹಾಸನಕ್ಕೆ ವಾಪಸ್ ಬಂದವರಲ್ಲಿ ಯಾರು ಬೇಗ ಎದ್ದು ಕೂರುತ್ತಾರೆ, ಯಾರಿಗೆ ಎದೆಯಲ್ಲಿ ಸೋಂಕು ಕೂರುತ್ತದೆ ಅನ್ನೋದನ್ನ ಇನ್ನೂರೈವತ್ತು ರೂಪಾಯಿಯ ಟಿಸಿ-ಡಿಸಿಯಲ್ಲೇ (ಬಿಳಿ ರಕ್ತಕಣಗಳ ಒಟ್ಟು ಲೆಕ್ಕ ಮತ್ತು ಬಗೆಬಗೆಯ ಲೆಕ್ಕ) ಮುಂಚೆ ಅಂದಾಜು ಮಾಡಬಹುದು ಅಂತ ನಾನು ಹೇಳಿದಾಗ ನಮ್ಮೂರಿನಲ್ಲಿ ಯಾರೂ ಒಪ್ಪಲಿಲ್ಲ. ಹಿರಿಯ ಡಾಕ್ಟರೊಬ್ಬರು ಮುಖಕ್ಕೇ ಹೇಳಿದರು: "ಲಕ್ವ ಹೊಡೆದರೆ ಬಿಳಿ ಕಣ ಏರೋದು ಎಂಬಿಬಿಎಸ್ ಹುಡುಗರಿಗೂ ಗೊತ್ತು ಡಾಕ್ಟ್ರೇ. ಅದಕ್ಕೆ ದಿನಾ ಯಾಕೆ ರಕ್ತ ತೆಗೆಸ್ತೀರಿ, ಪಾಪ?" ಈಗ ಅವರೇ ತಮ್ಮ ಪೇಷಂಟ್‌ನ ರಿಪೋರ್ಟ್ ಫೋಟೋ ಕಳಿಸಿ "ಇದನ್ನ ಸ್ವಲ್ಪ ನೋಡಿ" ಅನ್ನುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಡೆಯ ಪರಿಸ್ಥಿತಿ ನಿಮಗೆ ಗೊತ್ತೇ ಇದೆ. ನನ್ನ ಪೇಷಂಟ್‌ಗಳು ಕ್ಲಾಟ್ ತೆಗೆಸೋಕೆ ಹೋಗೋದು ಮೈಸೂರು, ಮಂಗಳೂರು ಅಥವಾ ಬೆಂಗಳೂರಿಗೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ಬಂದ್ ಆದರೆ ಸಕಲೇಶಪುರದವರೂ ಮೈಸೂರಿನ ದಾರಿ ಹಿಡಿಯಬೇಕು. 2018ರ ಹೊತ್ತಿಗೆ ಎರಡು ಮುಖ್ಯ ಟ್ರಯಲ್ ಬಂದ ಮೇಲೆ ಆಯ್ದ ಪೇಷಂಟ್‌ಗಳಿಗೆ ಲಕ್ವ ಹೊಡೆದ 24 ಗಂಟೆವರೆಗೂ ಕ್ಲಾಟ್ ತೆಗೆಸೋ ಅವಕಾಶ ಸಿಕ್ಕಿತು. ಹಾಗಾಗಿ ದೂರದವರೂ ಹೋಗಿ ಮಾಡಿಸಿಕೊಳ್ಳುತ್ತಿದ್ದಾರೆ. ಆದರೆ ನಾಲ್ಕೈದು ಲಕ್ಷ ಖಾಲಿಯಾಗಿರುತ್ತದೆ. ಎರಡನೇ ದಿನವೋ ಮೂರನೇ ದಿನವೋ ಮನೆಯವರು "ಊರಿಗೆ ಕರ್ಕೊಂಡು ಹೋಗ್ತೀವಿ" ಅಂತ ಕೂರುತ್ತಾರೆ. ಅಪಾಯದ ದಿನಗಳು ಶುರುವಾಗೋದೂ ಆಗಲೇ. ಅವು ಬಂದು ಬೀಳೋದು ನಮ್ಮಂಥ ಸಣ್ಣ ನರ್ಸಿಂಗ್ ಹೋಮ್‌ಗಳ ಮೇಲೆ.

ರಕ್ತನಾಳ ಪೂರ್ತಿ ತೆರೆದಿದೆ, ಅಂದರೆ ಟಿಕಿ ಸ್ಕೋರ್ 3, ಅಂತ ಡಿಸ್ಚಾರ್ಜ್ ಸಮರಿಯಲ್ಲಿ ಬರೆದಿರುತ್ತದೆ. ಮನೆಯವರು ಇನ್ನು ಎಲ್ಲ ಸರಿಯಾಯಿತು ಅಂದುಕೊಳ್ಳುತ್ತಾರೆ. ಐದು ಟ್ರಯಲ್‌ಗಳನ್ನು ಸೇರಿಸಿ 2016ರಲ್ಲಿ ಬಂದ ಹರ್ಮೆಸ್ ಲೆಕ್ಕದಲ್ಲೂ, ಮೂರು ತಿಂಗಳ ಹೊತ್ತಿಗೆ ತಮ್ಮ ಕೆಲಸ ತಾವು ಮಾಡಿಕೊಳ್ಳುವಂತಾದವರು 46 ಪರ್ಸೆಂಟ್. ಕ್ಲಾಟ್ ತೆಗೆಸದವರಲ್ಲಿ 26ರ ಆಸುಪಾಸು. ದೊಡ್ಡ ಲಾಭವೇ, ಆದರೂ ಅರ್ಧಕ್ಕಿಂತ ಹೆಚ್ಚು ಜನ ಆ ಮಟ್ಟಕ್ಕೆ ಬರೋದೇ ಇಲ್ಲ. ನನ್ನ ತಲೆ ತಿಂದಿದ್ದು ಈ ಉಳಿದ ಅರ್ಧ.

ನ್ಯೂಟ್ರೋಫಿಲ್‌ಗೂ ಲಿಂಫೋಸೈಟ್‌ಗೂ (ಎರಡೂ ಬಿಳಿ ರಕ್ತಕಣದ ಬಗೆಗಳೇ) ಇರುವ ಅನುಪಾತ, ಎನ್‌ಎಲ್‌ಆರ್, ಹೊಸದೇನಲ್ಲ. ಜಾಸ್ತಿ ಇದ್ದವರು ಮೂರು ತಿಂಗಳಿಗೆ ಚೆನ್ನಾಗಿರಲ್ಲ, ಮೆದುಳಲ್ಲಿ ರಕ್ತಸ್ರಾವವೂ ಅವರಲ್ಲೇ ಜಾಸ್ತಿ ಅಂತ ಬೇಕಾದಷ್ಟು ಪೇಪರ್ ಇವೆ. ಕಟ್‌ಆಫ್ ಮಾತ್ರ ಒಬ್ಬೊಬ್ಬರದು ಒಂದೊಂದು. ಮೊದಲು ನಾನೂ ಒಂದು ನಂಬರ್ ಹಿಡಿದು ಶುರು ಮಾಡಿದೆ. ನಡೆಯಲಿಲ್ಲ. ಏಳು ಇದ್ದವರು ಜ್ವರ ಬಂದು ಮಲಗಿದರು, ಹನ್ನೊಂದು ಇದ್ದವರು ಕೋಲು ಹಿಡಿದು ಮನೆಗೆ ನಡೆದರು.

ಸುಮಾರು ಒಂದು ವರ್ಷ ಹೀಗೇ ಹೋಯಿತು. ಕೊನೆಗೆ ನಂಬರ್ ಹುಟ್ಟುವ ಜಾಗಕ್ಕೇ, ಲ್ಯಾಬ್‌ಗೇ ಹೋಗಿ ಕೂತೆ. ನಮ್ಮದು ತ್ರೀ-ಪಾರ್ಟ್ ಮೆಷಿನ್, ಬಿಳಿ ಕಣಗಳನ್ನು ಮೂರೇ ಗುಂಪು ಮಾಡಿ ಎಣಿಸುತ್ತದೆ. ಅದು ಹೇಳುವ ಗ್ರಾನುಲೋಸೈಟ್‌ನಲ್ಲಿ ನ್ಯೂಟ್ರೋಫಿಲ್ ಜೊತೆ ಇಯೋಸಿನೋಫಿಲ್ ಅನ್ನೋ ಇನ್ನೊಂದು ಬಗೆಯ ಬಿಳಿ ಕಣವೂ ಸೇರಿಕೊಳ್ಳಬಹುದು. ಕಾಫಿ ತೋಟದ ಆಳುಗಳಲ್ಲಿ ಹುಳುವಿನ ಕಾಟದಿಂದ ಎಷ್ಟೋ ಸಲ ಅದು ಹತ್ತು ಪರ್ಸೆಂಟ್ ದಾಟಿರುತ್ತದೆ ಅಲ್ವಾ? ಆ ರೇಷಿಯೋ ನಂಬೋದು ಹೇಗೆ? ಹಾಗಾಗಿ ಸ್ಲೈಡ್ ಹಾಕಿಸಿ ಕೈಯಲ್ಲಿ ಎಣಿಸೋಕೆ ಶುರು ಮಾಡಿದೆವು. ಅಲ್ಲೂ ಒಂದು ತೊಡಕು. ನೂರು ಕಣ ಎಣಿಸಿದಾಗ ನ್ಯೂಟ್ರೋಫಿಲ್ 86, ಲಿಂಫೋಸೈಟ್ 8 ಬಂದರೆ ರೇಷಿಯೋ ಸುಮಾರು 11. ಅದೇ ಸ್ಲೈಡನ್ನು ಮಧ್ಯಾಹ್ನ ಇನ್ನೊಬ್ಬ ಟೆಕ್ನಿಶಿಯನ್ ಎಣಿಸಿ 83, 11 ಅಂದ. ಏಳೂವರೆ! ಪೇಷಂಟ್ ಅದೇ, ರಕ್ತ ಅದೇ. ಲಿಂಫೋಸೈಟ್ ಕಡಿಮೆ ಇದ್ದಾಗ ಮೂರು ಕಣದ ಹೆಚ್ಚುಕಮ್ಮಿ ಲೆಕ್ಕವನ್ನೇ ಬುಡಮೇಲು ಮಾಡುತ್ತದೆ. ಇನ್ನೂರು ಎಣಿಸಬೇಕು, ಒಬ್ಬನೇ ಎಣಿಸಬೇಕು ಅಂತ ಪಟ್ಟು ಹಿಡಿದೆ. ಲ್ಯಾಬ್‌ನವರು ಮುಖ ಗಂಟಿಕ್ಕಿದರು. ಸ್ಲೈಡ್‌ಗೆ ಐವತ್ತು ರೂಪಾಯಿ ನನ್ನ ಜೇಬಿಂದ ಕೊಟ್ಟ ಮೇಲೆ ಎಣಿಸಿದರು.

ಮಳೆಗಾಲದಲ್ಲಿ ಇನ್ನೊಂದು ತಲೆನೋವು. ಸ್ಮಿಯರ್ (ಸ್ಲೈಡ್ ಮೇಲೆ ಎಳೆದ ರಕ್ತದ ತೆಳು ಪದರ) ಬೇಗ ಒಣಗೋದೇ ಇಲ್ಲ, ಲೀಶ್‌ಮನ್ ಸ್ಟೇನ್ ಅನ್ನೋ ಬಣ್ಣ ಹಾಕಿದರೆ ಕಣಗಳೆಲ್ಲ ನೀರು ಕುಡಿದ ಹಾಗೆ ಕಾಣುತ್ತವೆ. ಹೇರ್ ಡ್ರೈಯರ್ ತಂದೆವು, ತಣ್ಣನೆ ಗಾಳಿಯಲ್ಲಿ ಬಿಟ್ಟೆವು. ಸರಿಹೋಯಿತು. ತಾಲ್ಲೂಕಿನಿಂದ ಇಡಿಟಿಎ ಟ್ಯೂಬ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಟ್ಯೂಬ್) ತುಂಬಿಸಿ ರಕ್ತ ತರಿಸೋದನ್ನೂ ಬಿಟ್ಟೆ. ಹಾಸಿಗೆ ಪಕ್ಕದಲ್ಲೇ ಸಿಸ್ಟರ್ ಸ್ಮಿಯರ್ ಎಳೆದು ಮೆಥನಾಲ್‌ನಲ್ಲಿ ಫಿಕ್ಸ್ ಮಾಡಿ ಕಳಿಸಿದರೆ ಸಾಕು.

ಆಮೇಲೆ ಸ್ಟಿರಾಯ್ಡ್. ಇದನ್ನ ಹೇಳಲೇಬೇಕು. ಮೊದಲು ನೋಡಿದ ಕಡೆ "ಊತ ಇಳೀಲಿ" ಅಂತ ಡೆಕ್ಸಾ ಕೊಟ್ಟು ಕಳಿಸುತ್ತಾರೆ. ಇಸ್ಕೀಮಿಕ್ ಸ್ಟ್ರೋಕ್‌ನಲ್ಲಿ (ರಕ್ತನಾಳ ಮುಚ್ಚಿಕೊಂಡು ಆಗುವ ಲಕ್ವದಲ್ಲಿ) ಅದರಿಂದ ಪ್ರಯೋಜನ ಇಲ್ಲ. ನನ್ನ ಲೆಕ್ಕವಂತೂ ಪೂರ್ತಿ ಕೆಡುತ್ತದೆ, ನ್ಯೂಟ್ರೋಫಿಲ್ ಏರಿ ಲಿಂಫೋಸೈಟ್ ಇಳಿದುಬಿಡುತ್ತದೆ. ಒಂದು ಡೋಸ್ ಬಿದ್ದಿದ್ದರೂ ಚಾರ್ಟ್ ಮೇಲೆ ಕೆಂಪು ಗೆರೆ ಎಳೆದು ಆ ಪೇಷಂಟನ್ನು ಲೆಕ್ಕದಿಂದ ಬಿಡುತ್ತೇನೆ.

ಇಷ್ಟೆಲ್ಲ ಕಸ ಗುಡಿಸಿದ ಮೇಲೆ ಕಂಡಿದ್ದು ಇಷ್ಟು. ಮೊದಲ ದಿನದ ನಂಬರ್‌ಗಿಂತ, ಅಲ್ಲಿಂದ ಮೂರನೇ ದಿನಕ್ಕೆ ಅದು ಯಾವ ಕಡೆ ಹೋಯಿತು ಅನ್ನೋದೇ ಮುಖ್ಯ. ಅದರಲ್ಲೂ ಲಿಂಫೋಸೈಟ್ ಏರಿತಾ ಅನ್ನೋದು. ನ್ಯೂಟ್ರೋಫಿಲ್ ಇಳಿದು ಲಿಂಫೋಸೈಟ್ ಅಲ್ಲೇ ನಿಂತಿದ್ದರೆ ನಾನು ಖುಷಿ ಪಡುವುದಿಲ್ಲ.

ಸಕಲೇಶಪುರ ಕಡೆಯ ಒಂದು ಎಸ್ಟೇಟಿನ ರೈಟರ್ (ಗುಮಾಸ್ತ), ಅರವತ್ತರ ಹತ್ತಿರ ವಯಸ್ಸು, ಎಡಗಡೆ ಕೈಕಾಲು ಬಿದ್ದಿತ್ತು. ರೇಷಿಯೋ ಮೊದಲ ದಿನ ಒಂಬತ್ತು, ಮೂರನೇ ದಿನ ಹನ್ನೆರಡರ ಮೇಲೆ. ಜ್ವರ ಇಲ್ಲ, ಎದೆ ಕ್ಲಿಯರ್. ಮಗ "ಸಾರ್, ಗಂಜಿ ಕುಡಿಸ್ಲಾ? ಅಪ್ಪ ಕೇಳ್ತಾವ್ರೆ" ಅಂತ ಎರಡೆರಡು ಸಲ ಬಂದ. ಶ್ವಾಸನಾಳಕ್ಕೆ ಇಳಿದೀತು ಅಂತ ಬೇಡ ಅಂದೆ. ಮೂಗಿನ ನಳಿಗೆ ತೆಗೆಯಲಿಲ್ಲ, ತಲೆ ಕಡೆ ಎತ್ತರಿಸಿ ಮಲಗಿಸಿದೆವು, ನಾಲ್ಕು ಗಂಟೆಗೊಮ್ಮೆ ಬಾಯಿ ಒರೆಸಿದೆವು, ಎಕ್ಸ್‌ರೇ ದಿನವೂ ತೆಗೆಸಿದೆ. ಮಾರನೇ ದಿನ ಬಲ ಎದೆಯ ಬುಡದಲ್ಲಿ ಸಣ್ಣ ಮಬ್ಬು, ಸಂಜೆಗೆ ಜ್ವರ. ಆಂಟಿಬಯೋಟಿಕ್ ಆಗಲೇ ಬಿತ್ತು. ವಾರದ ಹೊತ್ತಿಗೆ ರೇಷಿಯೋ ನಾಲ್ಕಕ್ಕೆ ಬಂತು. ಮೂರು ತಿಂಗಳಿಗೆ ಕೋಲು ಹಿಡಿದು ನಡೆದೇ ಒಪಿಡಿಗೆ ಬಂದರು. ವೆಂಟಿಲೇಟರ್‌ಗೆ ಹೋಗಿದ್ದರೆ ದಿನಕ್ಕೆ ಹದಿನೈದು ಸಾವಿರದ ಮೇಲೆ ಆಗುತ್ತಿತ್ತು. ನನ್ನ ಟಿಸಿ-ಡಿಸಿಗಳಿಗೆಲ್ಲ ಸೇರಿ ಆಗಿದ್ದು ಒಂದೂವರೆ ಸಾವಿರದ ಒಳಗೆ.

ಇನ್ನೊಬ್ಬರು ಅರಸೀಕೆರೆಯ ಅಜ್ಜಿ. ಮೊದಲ ದಿನ ಹನ್ನೊಂದು. ಆಸೆ ಇಟ್ಟುಕೊಳ್ಳಬೇಡಿ ಅಂತ ಬೇರೆಯವರು ಹೇಳಿ ಕಳಿಸಿದ್ದರು. ಮೂರನೇ ದಿನ ಐದಕ್ಕೆ ಇಳಿದಿತ್ತು, ಲಿಂಫೋಸೈಟ್ ದುಪ್ಪಟ್ಟಾಗಿತ್ತು. ಅವತ್ತೇ ಕೂರಿಸಿ ಫಿಸಿಯೋ ಶುರು ಮಾಡಿಸಿದೆ. ಈಗ ಅವರೇ ಅಡುಗೆ ಮಾಡುತ್ತಾರೆ. ಹಿರಿಯ ಡಾಕ್ಟರ್ ಮನಸ್ಸು ಬದಲಾಯಿಸಿದ್ದು ಇದೇ ಕೇಸಿನಲ್ಲಿ.

ಒಂದು ಎಚ್ಚರಿಕೆ. ರೇಷಿಯೋ ಏರಿತು ಅಂತ ಸುಮ್ನೆ ಆಂಟಿಬಯೋಟಿಕ್ ಸುರಿಯಬೇಡಿ. ನೆದರ್‌ಲ್ಯಾಂಡ್ಸ್‌ನಲ್ಲಿ ಸ್ಟ್ರೋಕ್ ಆದವರಿಗೆ ಮುಂಜಾಗ್ರತೆಗೆ ಸೆಫ್ಟ್ರಿಯಾಕ್ಸೋನ್ ಕೊಟ್ಟು ನೋಡಿದರು, 2015ರಲ್ಲಿ ಫಲಿತಾಂಶ ಬಂತು. ಮೂರು ತಿಂಗಳ ಚೇತರಿಕೆಯಲ್ಲಿ ವ್ಯತ್ಯಾಸ ಇರಲಿಲ್ಲ. ನ್ಯೂಟ್ರೋಫಿಲ್ಲನ್ನೇ ತಡೆಯೋಣ ಅಂತ ಎನ್ಲಿಮೊಮ್ಯಾಬ್ ಅನ್ನೋ ಔಷಧಿ ಕೊಟ್ಟು ನೋಡಿದಾಗಂತೂ ಪೇಷಂಟ್‌ಗಳ ಸ್ಥಿತಿ ಇನ್ನೂ ಕೆಟ್ಟಿತು. ಹಾಗಾಗಿ ನಂಬರ್ ನೋಡಿ ನಾನು ಜಾಸ್ತಿ ಮಾಡೋದು ನಿಗಾ, ಔಷಧಿ ಅಲ್ಲ.

ಮಧ್ಯೆ ಒಂದು ಹುಚ್ಚು ಹತ್ತಿತ್ತು. ಪರಿಚಯದ ಇಂಟರ್ವೆನ್ಷನಿಸ್ಟ್ (ಕ್ಲಾಟ್ ತೆಗೆಯುವ ಡಾಕ್ಟರ್) ಒಬ್ಬರಿಂದ ತೆಗೆದ ಕ್ಲಾಟನ್ನೇ ಫಾರ್ಮಲಿನ್‌ನಲ್ಲಿ ತರಿಸಿ ತೆಳ್ಳಗೆ ಕೊಯ್ದು ಸೆಕ್ಷನ್ ಮಾಡಿಸಿದೆ. ಕಡುಗೆಂಪು, ಒಂದು ತುದಿ ಮಾತ್ರ ಬಿಳಿಚು, ಗಟ್ಟಿ. ಮೈಕ್ರೋಸ್ಕೋಪ್‌ನಲ್ಲಿ ಆ ಬಿಳಿಚು ಭಾಗದ ಅಂಚಿನಲ್ಲೇ ನ್ಯೂಟ್ರೋಫಿಲ್‌ಗಳು ಗುಂಪುಗುಂಪಾಗಿ ಕೂತಿದ್ದವು. ನೋಡಿ ಎಷ್ಟು ಹೊತ್ತು ಕಣ್ಣು ತೆಗೆಯಲಿಲ್ಲವೋ! ಅವು ಬಿಡುವ ಡಿಎನ್‌ಎ ಬಲೆಯಿಂದಲೇ ಕೆಲವು ಕ್ಲಾಟ್ ಒಂದೇ ಸಲಕ್ಕೆ ಕೈಗೆ ಬರುವುದಿಲ್ಲ ಅಂತಾರೆ. ಒಂದು ಸೆಕ್ಷನ್‌ಗೆ ಐನೂರು ಆರುನೂರು ಬೀಳುತ್ತಿತ್ತು, ಮುಂದುವರಿಸಲು ಆಗಲಿಲ್ಲ.

ಇಯೋಸಿನೋಫಿಲ್ ವಿಷಯ ಬೇರೆ. ಮೊದಲ ದಿನ ಎಷ್ಟೋ ಜನರಲ್ಲಿ ಅದು ಸೊನ್ನೆಯ ಹತ್ತಿರಕ್ಕೆ ಬೀಳುತ್ತದೆ, ವಾಪಸ್ ಬಂದವರು ಚೇತರಿಸಿಕೊಳ್ಳುತ್ತಿದ್ದಾರೆ ಅಂತ ನನಗೆ ಕಾಣುತ್ತಿದೆ. ಅದನ್ನೂ ರೇಷಿಯೋವನ್ನೂ ಸೇರಿಸಿ ನಾನೊಂದು ಲೆಕ್ಕ ಹಾಕುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಇನ್ನೂ ಒಂದು ಮಳೆಗಾಲ ನೋಡಬೇಕು. ರಕ್ತವನ್ನು ದಿನದ ಯಾವ ಹೊತ್ತಿಗೆ ತೆಗೆಯುತ್ತೇನೆ ಅನ್ನೋದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ನೀವು ಶುರು ಮಾಡೋದಾದರೆ ಯಾವುದಾದರೂ ಒಂದು ಹೊತ್ತು ಹಿಡಿಯಿರಿ, ದಿನವೂ ಅದೇ ಹೊತ್ತಿಗೆ ತೆಗೆಸಿ. ಕ್ಲಾಟ್ ತೆಗೆದ ಆಸ್ಪತ್ರೆಯಿಂದ ಮೊದಲ ದಿನದ ರಿಪೋರ್ಟನ್ನು ಪೇಷಂಟ್ ಅಲ್ಲಿಂದ ಹೊರಡುವ ಮುಂಚೆಯೇ ಕೇಳಿ ಇಟ್ಟುಕೊಳ್ಳಿ. ಆಮೇಲೆ ಕೇಳಿದರೆ ಸಿಗುವುದಿಲ್ಲ.