ಬಾಟಲಿಯಲ್ಲೇ ಉಳಿದಿದ್ದ ಹರಳು

ಕಲಬುರಗಿಯಲ್ಲಿ ಮಕ್ಕಳ ವೈದ್ಯನಾಗಿರುವ ನಾನು, ಬಿಸಿಲು 40 ಡಿಗ್ರಿ ದಾಟಿದ ಒಂದು ಮೇ ತಿಂಗಳಿನಲ್ಲಿ ಮಾಡಿದ ತಪ್ಪೊಂದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಜೇವರ್ಗಿ ಕಡೆಯ ಹಳ್ಳಿಯಿಂದ ಆರು ವರ್ಷದ ಹುಡುಗನನ್ನು ಅವನ ಅಜ್ಜಿ ಕರೆತಂದಿದ್ದರು. "ಉಚ್ಚಿ ಹೊಯ್ಯಾಗ ಚೀರತಾನ್ರಿ ಸಾಹೇಬ್ರ, ಜಗ್ಗಿ ಹಿಡಕೊಂತಾನ" ಎಂಬ ಅವರ ಮಾತಿನಲ್ಲೇ ಅರ್ಧ ರೋಗನಿರ್ಣಯವಿತ್ತು. ಮೂತ್ರದ ಹರಳಿದ್ದಾಗ ದೊಡ್ಡವರಂತೆ ನೋವು ಪಕ್ಕೆಯಿಂದ ತೊಡೆಸಂದಿಗೆ ಇಳಿಯುತ್ತದೆಂದು ಸಣ್ಣ ಮಕ್ಕಳು ಹೇಳುವುದಿಲ್ಲ; ಹೊಕ್ಕುಳ ಮೇಲೆ ಕೈಯಿಡುತ್ತಾರೆ, ವಾಂತಿ ಮಾಡುತ್ತಾರೆ, ಎಷ್ಟೋ ಸಲ ಜಂತುಹುಳುವಿನ ಔಷಧ ಕುಡಿದೇ ನಮ್ಮಲ್ಲಿಗೆ ಬರುತ್ತಾರೆ.

ಅಲ್ಟ್ರಾಸೌಂಡ್‌ನಲ್ಲಿ ಮೂತ್ರಕೋಶದೊಳಗೆ 9 ಮಿ.ಮೀ., ಎಡ ಮೂತ್ರಪಿಂಡದಲ್ಲಿ 4 ಮಿ.ಮೀ. ಹರಳು ಕಂಡವು. ಅಷ್ಟರಲ್ಲೇ ವಿಷಯ ಸ್ಪಷ್ಟವಾದ್ದರಿಂದ ಮಗುವಿಗೆ ಸಿ.ಟಿ.ಯ ವಿಕಿರಣ ಬೇಡವೆಂದೆ. ಶಸ್ತ್ರತಜ್ಞರು ಮೂತ್ರಕೋಶದ ಹರಳನ್ನು ತೆಗೆದರು, ಮನೆಯವರು ಅದನ್ನು ಬಾಟಲಿಯಲ್ಲಿ ಹಾಕಿಕೊಂಡು ಊರಿಗೆ ಹೋದರು. ಅದನ್ನು ಪರೀಕ್ಷೆಗೆ ಕಳಿಸಬೇಕಿತ್ತು. ನಾನು ಕೇಳಲೇ ಇಲ್ಲ. ನೀರು ಹೆಚ್ಚು ಕುಡಿಸಿರಿ ಎಂದಷ್ಟೇ ಬರೆದು ಕಳಿಸಿದೆ.

ಹದಿನಾಲ್ಕು ತಿಂಗಳಲ್ಲಿ ಬಲ ಮೂತ್ರಪಿಂಡದಲ್ಲೂ 6 ಮಿ.ಮೀ. ಹರಳು ಕಾಣಿಸಿಕೊಂಡಾಗ ಮೊದಲೇ ಕೇಳಬೇಕಾದದ್ದನ್ನು ಕೇಳಿದೆ. ಹುಡುಗನ ತಾಯಿ ಮದುವೆಯಾದದ್ದು ತನ್ನ ಸೋದರಮಾವನನ್ನೇ. ಬೆಳಗಿನ ಮೊದಲ ಮೂತ್ರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆರು ಮೂಲೆಯ ಚಪ್ಪಟೆ ಹರಳುಗಳು. ಅಜ್ಜಿ ದೇವರ ಮಾಡದಲ್ಲಿ ಜೋಪಾನವಾಗಿಟ್ಟಿದ್ದ ಹಳೆಯ ಬಾಟಲಿಯನ್ನು ತಂದುಕೊಟ್ಟರು; ಒಳಗಿನ ಹರಳು ಮೇಣದಂತೆ ಹಳದಿಯಾಗಿತ್ತು, ಪ್ರಯೋಗಾಲಯದ ವರದಿಯೂ ಸಿಸ್ಟೀನ್ (ಪ್ರೋಟೀನಿನ ಒಂದು ಘಟಕ) ಎಂದೇ ಬಂತು. ತಂದೆತಾಯಿಯರಿಬ್ಬರಿಂದಲೂ ದೋಷವಿರುವ ಜೀನು ಬಂದಾಗ ಉಂಟಾಗುವ, ಸಿಸ್ಟೀನ್ ಮೂತ್ರಕ್ಕೆ ಅತಿಯಾಗಿ ಸೋರುವ ಈ ರೋಗ ಅವರ ಪ್ರತಿ ಮಗುವಿಗೂ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದಾದ್ದರಿಂದ ಅವನ ತಂಗಿಯ ಮೂತ್ರವನ್ನೂ ಪರೀಕ್ಷಿಸಿದೆ. ಅವಳಲ್ಲಿ ಅದು ಇರಲಿಲ್ಲ.

ಈ ಸಲ ನೀರನ್ನು ಔಷಧದಂತೆ ಅಳೆದು ಬರೆದುಕೊಟ್ಟೆ. 18 ಕಿಲೋ ತೂಕದ ಅವನಿಗೆ 200 ಮಿ.ಲೀ. ಹಿಡಿಯುವ ಸ್ಟೀಲ್ ಗ್ಲಾಸಿನಲ್ಲಿ ದಿನಕ್ಕೆ ಎಂಟು, ಬೇಸಿಗೆಯಲ್ಲಿ ಹತ್ತು. ಅದರಲ್ಲಿ ಒಂದು ಮಲಗುವಾಗ, ಇನ್ನೊಂದು ನಡುರಾತ್ರಿ ಎಬ್ಬಿಸಿ, ಏಕೆಂದರೆ ಸಿಸ್ಟೀನ್ ಗಟ್ಟಿಯಾಗುವುದು ಹೆಚ್ಚಾಗಿ ರಾತ್ರಿಯ ದಪ್ಪ ಮೂತ್ರದಲ್ಲಿ. ಜೊತೆಗೆ ಮೂತ್ರದ ಆಮ್ಲೀಯತೆ ಇಳಿಸುವ ಪೊಟ್ಯಾಸಿಯಮ್ ಸಿಟ್ರೇಟ್ ಸಿರಪ್ ಕೊಟ್ಟು, ಮೂತ್ರದ ಪಿ.ಎಚ್. (ಆಮ್ಲ-ಕ್ಷಾರದ ಅಳತೆ) 7ರಿಂದ 7.5ರ ನಡುವೆ ಇದೆಯೇ ಎಂದು ಪಟ್ಟಿ ಅದ್ದಿ ನೋಡುವುದನ್ನು ತಾಯಿಗೆ ಕಲಿಸಿದೆ. ಹಾಲು ಬಿಡಿಸಲಿಲ್ಲ. ಕಡಿಮೆ ಮಾಡಿಸಿದ್ದು ಉಪ್ಪನ್ನು. ರೊಟ್ಟಿಗೆ ಶೇಂಗಾ ಹಿಂಡಿ, ಉಪ್ಪಿನಕಾಯಿ ಇಲ್ಲದೆ ಉಣ್ಣದ ಮನೆಯಲ್ಲಿ ಅದು ನೀರಿಗಿಂತ ಕಷ್ಟವಾಯಿತು. ಇನ್ನೊಂದು ತೊಡಕು ಶಾಲೆಯದು: ಮೂತ್ರಕ್ಕೆ ಪದೇಪದೇ ಹೊರಗೆ ಬಿಡುವುದಿಲ್ಲವೆಂದು ಹುಡುಗ ಹಗಲೆಲ್ಲ ನೀರು ಕುಡಿಯುತ್ತಲೇ ಇರಲಿಲ್ಲ. ಮಾತ್ರೆಯ ಚೀಟಿಯಲ್ಲೇ ಶಿಕ್ಷಕರಿಗೂ ಎರಡು ಸಾಲು ಬರೆದುಕೊಟ್ಟೆ.

ಆರು ತಿಂಗಳ ನಂತರದ ಸ್ಕ್ಯಾನಿನಲ್ಲಿ ಬಲಗಡೆಯ ಹರಳು 3 ಮಿ.ಮೀ.ಗೆ ಇಳಿದಿತ್ತು. ಎಡಗಡೆಯದು ಇದ್ದಷ್ಟೇ ಇತ್ತು.